ಬೆಟ್ಟ ಕಡಿದವರ ಫೋಟೋ

ಅವಳ ಸ್ಟುಡಿಯೋದಲ್ಲಿ ಕ್ಯಾಮೆರಾದ ಮುಂದೆ ಕೂತವರು ಪೊಲೀಸ್ ಅಧಿಕಾರಿಯೇ ಆಗಿರಲಿ, ಹಾಲು ಹಾಕುವವನೇ ಆಗಿರಲಿ, ಮೊದಲು ಕೇಳಿಸಿಕೊಳ್ಳಬೇಕಾದ ಮಾತು ಒಂದೇ: "ಗದ್ದ ಇಳಿಸಿ." ಕ್ಯಾಮೆರಾ ಕಂಡ ಕೂಡಲೇ ಮನುಷ್ಯ ಗದ್ದ ಎತ್ತುತ್ತಾನೆ, ಎತ್ತಿದರೆ ಮೂಗಿನ ಹೊಳ್ಳೆಗಳೇ ಫೋಟೋ ತುಂಬಿಕೊಳ್ಳುತ್ತವೆ, ಹೊಳ್ಳೆ ನೋಡಿ ಯಾವ ಕಚೇರಿಯವರೂ ಯಾರಿಗೂ ಗುರುತಿನ ಚೀಟಿ ಕೊಡುವುದಿಲ್ಲ. ಇದು ಅವಳ ವಾದ. ಹೀಗೆ ಊರವರ ಗದ್ದ ಇಳಿಸುತ್ತ ಇಳಿಸುತ್ತ ಅವಳಿಗೆ ಗದ್ದದಕ್ಕ ಎಂಬ ಹೆಸರೇ ಅಂಟಿಕೊಂಡಿತು. ಅವಳಿಗಿಂತ ಹಿರಿಯರೂ ಹಾಗೆಯೇ ಕರೆದರು. ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. "ಮೂಗಿನಕ್ಕ ಅನ್ನಲಿಲ್ಲವಲ್ಲ, ಅಷ್ಟೇ ಪುಣ್ಯ" ಎಂದು ನಕ್ಕು ಸುಮ್ಮನಾದಳು.

ಸ್ಟುಡಿಯೋ ಅವಳಪ್ಪನ ಕಾಲದ್ದು. ಸೈಕಲ್ ರಿಪೇರಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಇಕ್ಕಟ್ಟಾದ ಬಾಗಿಲು, ಒಳಗೆ ಹೋದರೆ ರೈಲಿನ ಬೋಗಿಯ ಹಾಗೆ ಉದ್ದನೆಯ ಕೋಣೆ, ಕೊನೆಯ ಗೋಡೆಗೆ ಜಲಪಾತ ಬರೆದ ಬಟ್ಟೆಯ ಪರದೆ. ಊರಿನ ಹತ್ತಿರದಲ್ಲಿ ಎಲ್ಲೂ ಜಲಪಾತವಿರಲಿಲ್ಲ. ಆದರೂ ಊರಿನ ಅರ್ಧ ಜನ ಮನೆಯ ಗೋಡೆಯ ಮೇಲೆ ಅದರ ಮುಂದೆಯೇ ನಿಂತಿದ್ದರು. ಎಲ್ಲರ ಫೋನಿನಲ್ಲೂ ಕ್ಯಾಮೆರಾ ಬಂದಾಗ ಉಳಿದ ಸ್ಟುಡಿಯೋಗಳು ಒಂದೊಂದಾಗಿ ಬಾಗಿಲು ಹಾಕಿದವು. ಗದ್ದದಕ್ಕ ತಲೆ ಮೇಲೆ ಕೈಹೊತ್ತು ಕೂರಲಿಲ್ಲ. ಪಾಸ್‌ಪೋರ್ಟ್ ಫೋಟೋ, ಶಾಲೆಯ ಗುಂಪು ಫೋಟೋ, ಮದುವೆ, ಮಗುವಿನ ಮೊದಲ ಫೋಟೋ, ಯಾವುದನ್ನೂ ಬಿಡಲಿಲ್ಲ. "ಫೋನಲ್ಲಿ ತೆಗೆದದ್ದನ್ನು ನೀವೇ ನೋಡ್ತೀರಿ. ನಾನು ತೆಗೆದದ್ದನ್ನು ನಿಮ್ಮ ಮೊಮ್ಮಕ್ಕಳು ನೋಡ್ತಾರೆ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದಳು. ಹೇಳುವ ಧಾಟಿ ಹೇಗಿತ್ತೆಂದರೆ ಎದುರಿನವರಿಗೆ ಮರುಮಾತಾಡಲು ಬಾಯಿ ಬರುತ್ತಿರಲಿಲ್ಲ.

ಅವಳು ಮದುವೆಯಾಗಿ ಗಂಡನ ಮನೆಗೆ ಹೋದದ್ದು ಎಂದರೆ ಬೀದಿ ದಾಟಿದ್ದು, ಅಷ್ಟೇ. ಎದುರು ಸಾಲಿನ ಮಹಡಿ ಮನೆಯ ಹುಡುಗ, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಾತು ಕಡಿಮೆ, ಕೆಲಸ ಹೆಚ್ಚು. ಅವನು ಆಡದ ಮಾತನ್ನೆಲ್ಲ ಅವನ ಅಪ್ಪ ಅಮ್ಮ ಆಡುತ್ತಿದ್ದರು. ಅಪ್ಪ, ಅಂದರೆ ಗದ್ದದಕ್ಕನ ಮಾವ, ರಸ್ತೆ ಇಲಾಖೆಯಲ್ಲಿ ಜೀವಮಾನವೆಲ್ಲ ಬುಲ್ಡೋಜರ್ ಓಡಿಸಿದವರು. ಯಂತ್ರದ ಸದ್ದಿಗೆ ಕಿವಿ ಅರ್ಧ ಮಂದವಾಗಿ, ತಮ್ಮ ಮಾತು ತಮಗೆ ಕೇಳಿಸಲೆಂದು ಎಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದರೆಂದರೆ, ಮನೆಯಲ್ಲಿ "ಟೀ ಆಯ್ತಾ?" ಎಂದರೆ ಬೀದಿಯಾಚೆಯ ಸೈಕಲ್ ಅಂಗಡಿಯವನು "ಆಯ್ತು" ಎನ್ನುತ್ತಿದ್ದ. ಅತ್ತೆ ಚಿಕ್ಕ ವಯಸ್ಸಿನಲ್ಲಿ ಕ್ವಾರಿಯಲ್ಲಿ ಜಲ್ಲಿ ಒಡೆದವರು. ಕೈ ನಿಂತು ಎಷ್ಟೋ ಕಾಲವಾಗಿತ್ತು, ನಾಲಿಗೆ ಮಾತ್ರ ಇನ್ನೂ ಸುತ್ತಿಗೆಯ ಹಾಗೆಯೇ ಬೀಳುತ್ತಿತ್ತು.

ಮಾವ ನಿವೃತ್ತರಾದಾಗ ಮುಂದಿನ ಕೋಣೆಗೆ ಒಂದು ದೊಡ್ಡ ಫೋಟೋ ಹಾಕಬೇಕೆಂದು ಮನೆಯಲ್ಲಿ ಮಾತಾಯಿತು. ಗದ್ದದಕ್ಕ ಲೈಟು ಜೋಡಿಸಿ, ಅವರ ಕೋಟಿನ ಧೂಳು ಕೊಡವಿ, ಪರದೆಯ ಮುಂದೆ ನಿಲ್ಲಿಸಿದಳು. ಮಾವ ಹಿಂದೆ ತಿರುಗಿ ಜಲಪಾತವನ್ನು ಮೇಲಿಂದ ಕೆಳಗೆ ನೋಡಿದರು.

"ಇದನ್ನ ಯಾರು ಮಾಡಿದ್ದು?"

"ಅಪ್ಪನ ಸ್ನೇಹಿತರು ಒಬ್ಬರು ಬರೆದದ್ದು ಮಾವ."

"ಹಾಗಾದ್ರೆ ಅವರನ್ನೇ ಇದರ ಮುಂದೆ ನಿಲ್ಲಿಸು. ನಾನು, ನಾನೇ ಮಾಡಿದ್ದರ ಮುಂದೆ ನಿಲ್ತೀನಿ."

ಅವರು ಮಾಡಿದ್ದು ಊರಾಚೆಯ ಬೆಟ್ಟದಲ್ಲಿತ್ತು. ಹಿಂದೆ ನಗರಕ್ಕೆ ಹೋಗುವ ಬಸ್ಸು ಆ ಬೆಟ್ಟವನ್ನು ಸುತ್ತಿ ಹೋಗಬೇಕಿತ್ತು. ತಿರುವುಗಳು ಎಷ್ಟಿದ್ದವೆಂದರೆ ಬಸ್ಸು ಹತ್ತಿದವರು ಟಿಕೆಟ್ ಜೊತೆಗೆ ಒಂದು ಪ್ಲಾಸ್ಟಿಕ್ ಚೀಲವನ್ನೂ ಕೈಯಲ್ಲಿ ಹಿಡಿದೇ ಕೂರುತ್ತಿದ್ದರು. ಮಾವ ಮತ್ತು ಅವರ ಜೊತೆಯವರು ಸಿಡಿಮದ್ದಿಟ್ಟು, ಬಂಡೆ ದೂಡಿ, ವರ್ಷಗಟ್ಟಲೆ ಕೆಲಸ ಮಾಡಿ ಬೆಟ್ಟವನ್ನು ನಡುವೆ ಕಡಿದು ನೆಟ್ಟಗೆ ದಾರಿ ಮಾಡಿದ್ದರು. ಊರವರು ಆ ಜಾಗವನ್ನು ಸೀಳು ಎನ್ನುತ್ತಿದ್ದರು. "ಬಸ್ಸು ಸೀಳು ದಾಟ್ತಂತೆ, ಸಾಮಾನು ಎತ್ತಿಕೊಳ್ಳಿ" ಎನ್ನುವುದು ನಿಲ್ದಾಣದ ದಿನನಿತ್ಯದ ಮಾತು.

ಗದ್ದದಕ್ಕ ಸೀಳಿನಲ್ಲಿ ಲೆಕ್ಕವಿಲ್ಲದಷ್ಟು ಸಲ ಓಡಾಡಿದ್ದಳು. ಆದರೆ ಬಸ್ಸಿನ ಕಿಟಕಿಯಿಂದ ನೋಡುವುದು ಬೇರೆ, ಕ್ಯಾಮೆರಾದ ಸ್ಟ್ಯಾಂಡು ಹೊತ್ತು ರಸ್ತೆಯಂಚಿಗೆ ನಿಲ್ಲುವುದು ಬೇರೆ. ಎರಡೂ ಕಡೆ ಬಂಡೆಯ ಗೋಡೆ ಆಕಾಶದವರೆಗೆ ಎದ್ದಿತ್ತು. ಅದರ ಮೈಮೇಲೆ ಡ್ರಿಲ್ ಇಳಿದ ಗುರುತುಗಳು ಬಾಚಣಿಗೆಯಿಂದ ಎಳೆದ ಹಾಗೆ ಸಾಲಾಗಿ ಕಾಣುತ್ತಿದ್ದವು. ಮಾವ ಒಂದು ಗೋಡೆಯ ಬುಡಕ್ಕೆ ಹೋಗಿ ನಿಂತರು. ಅವಳು ಅಭ್ಯಾಸದಂತೆ ಹತ್ತಿರ ಬಂದು ಮುಖಕ್ಕೆ ಕ್ಯಾಮೆರಾ ಹಿಡಿದಳು.

"ಹಿಂದೆ ಹೋಗು" ಎಂದರು ಮಾವ.

ಹೋದಳು.

"ಇನ್ನೂ ಹಿಂದೆ. ತುದಿ ಕಾಣ್ತಿದೆಯಾ?"

"ತುದಿ ಕಂಡ್ರೆ ನೀವು ಕಾಣಲ್ಲ ಮಾವ!"

"ನಾನು ಕಾಣದಿದ್ರೆ ಏನಾಯ್ತು, ಇದ್ದೀನಲ್ಲ!"

ರಸ್ತೆ ದಾಟಿ, ಚರಂಡಿ ದಾಟಿ, ಎದುರಿನ ಇಳಿಜಾರು ಹತ್ತಿ, ಕೊನೆಗೂ ಬೆಟ್ಟದ ನೆತ್ತಿಯಿಂದ ರಸ್ತೆಯವರೆಗೆ ಪೂರ್ತಿ ಚೌಕಟ್ಟಿನೊಳಗೆ ಬಂದಾಗ ಮಾವ ಒಂದು ಬೆಂಕಿಕಡ್ಡಿಯಷ್ಟಾಗಿದ್ದರು. ಅಷ್ಟು ದೂರದಿಂದಲೂ ಅವರ ಗದ್ದ ಮೇಲೆದ್ದಿದ್ದು ಗೊತ್ತಾಗುತ್ತಿತ್ತು. ಅವಳು ಕೂಗಿ ಹೇಳಲು ಹೋಗಲಿಲ್ಲ. ಹಾಗೆಯೇ ತೆಗೆದಳು.

ಪ್ರಿಂಟ್ ಬಂದಾಗ ಅವಳು ಅದನ್ನು ಮೇಜಿನ ಮೇಲಿಟ್ಟು ಅಂಗಡಿ ಮುಚ್ಚುವವರೆಗೂ ಆಗಾಗ ಬಂದು ನೋಡಿದಳು. ಇಷ್ಟು ವರ್ಷ ಮುಖಗಳನ್ನೇ ತೆಗೆದವಳಿಗೆ ಈ ಫೋಟೋ ಕಣ್ಣನ್ನೇ ಹಿಡಿದಿಟ್ಟ ಹಾಗೆ ಆಯಿತು. ಬೆಟ್ಟದ ಮೈ ಅಷ್ಟಗಲ ತೆರೆದುಕೊಂಡಿದೆ. ಅದನ್ನು ತೆರೆದವನು ಇಷ್ಟೇ ಇಷ್ಟು. ನೋಡಿದರೆ ಹೆಮ್ಮೆಯೂ ಆಗುತ್ತದೆ, ಅಯ್ಯೋ ಎಂದೂ ಅನಿಸುತ್ತದೆ. ಎರಡರಲ್ಲಿ ಯಾವುದು ಸರಿ ಎಂದು ಅವಳು ತಲೆಕೆಡಿಸಿಕೊಳ್ಳಲಿಲ್ಲ. ಇಂಥದ್ದು ಇನ್ನೂ ಬೇಕು ಎನಿಸಿತು, ಅಷ್ಟೇ.

ಫೋಟೋದ ಇನ್ನೊಂದು ಪ್ರತಿಯನ್ನು ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಮದುಮಕ್ಕಳ ಮಧ್ಯೆ ಇಟ್ಟಳು. ಜನ ನಿಂತು ನೋಡಿದರು. ಬೋರ್‌ವೆಲ್ ಕೊರೆಯುವವನು ಬಂದು, ತಾನು ಕೊರೆದ ಬಯಲನ್ನು ತೆಗೆಯಬೇಕೆಂದ. ಬಸ್ ನಿಲ್ದಾಣ ಕಟ್ಟಲು ಜೌಗಿಗೆ ಮಣ್ಣು ತುಂಬಿದ ಮೇಸ್ತ್ರಿ ಬಂದ. "ಇಲ್ಲಿ ಮೊದಲು ಕಪ್ಪೆ ಕೂಗ್ತಿದ್ವು, ಈಗ ಕಂಡಕ್ಟರ್ ಕೂಗ್ತಾನೆ" ಎಂದು ಹೇಳಿ, ಬಸ್ಸುಗಳ ನಡುವೆ ಕೈಕಟ್ಟಿ ನಿಂತ. ಹೊಳೆಯಿಂದ ಮರಳೆತ್ತುವವರು ತಾವು ತೋಡಿದ ಗುಂಡಿಯಲ್ಲಿ ಎದೆಮಟ್ಟ ನೀರಿನಲ್ಲಿ ನಿಂತು ಹಲ್ಲು ಕಿರಿದರು. ಗದ್ದದಕ್ಕ ವಾರಕ್ಕೊಮ್ಮೆ ಅಂಗಡಿಗೆ ಬೀಗ ಹಾಕಿ ಹೊರಟುಬಿಡುತ್ತಿದ್ದಳು. ಹೊರಗಿನ ಬೆಳಕು ಮೊದಮೊದಲು ಹೇಳಿದ ಮಾತು ಕೇಳದ ಕೂಸಿನ ಹಾಗೆ ಕಾಡಿಸಿತು. ಆಮೇಲಾಮೇಲೆ ಅವಳೇ ಅದರ ಮಾತು ಕೇಳುವುದನ್ನು ಕಲಿತಳು.

ಅತ್ತೆಗೆ ಇದೆಲ್ಲ ತಮಾಷೆ. "ಗುಂಡಿ ತೋಡಿದವರೆಲ್ಲ ಗಂಡಸರೇ ಏನಮ್ಮ ನಿನ್ನ ಫೋಟೋದಲ್ಲಿ?" ಎಂದು ಒಂದು ದಿನ ಕೆಣಕಿದರು.

"ಮತ್ತೆ ನೀವೂ ಬನ್ನಿ ಅತ್ತೆ."

"ಬರ್ತೀನಿ. ನಂದೇನು ಕಡಿಮೆನಾ?"

ಅದೇ ಬೆಟ್ಟದ ಮಗ್ಗುಲಲ್ಲಿ ಅತ್ತೆ ಜಲ್ಲಿ ಒಡೆದ ಕ್ವಾರಿಯನ್ನು ಬಿಟ್ಟು ಜನ ಹೋಗಿ ಬಹಳ ಕಾಲವಾಗಿತ್ತು. ಅಗೆದ ಆಳದಲ್ಲಿ ಮಳೆನೀರು ನಿಂತು, ದೊಡ್ಡ ಕೊಳವಾಗಿ, ನೀರು ಬಾಟಲಿಯ ಗಾಜಿನ ಹಸಿರಿಗೆ ತಿರುಗಿತ್ತು. ಒಂದು ಬದಿಯಲ್ಲಿ ಮಕ್ಕಳು ಬಂಡೆಯಿಂದ ಧುಮುಕಿ ಈಜಾಡುತ್ತಿದ್ದರು. ಅತ್ತೆ ಚಪ್ಪಲಿ ಕಳಚಿಟ್ಟು ಅಂಚಿನಲ್ಲಿ ಕಾಲು ಚಾಚಿ ಕೂತರು, ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತ ಹಾಗೆ.

"ನಿನ್ನ ಗಂಡ ಹೊಟ್ಟೆಯಲ್ಲಿದ್ದಾಗ್ಲೂ ಇಲ್ಲೇ ಒಡೀತಿದ್ದೆ. ಅದಕ್ಕೇ ಅವನಿಗೆ ಮಾತು ಬರಲ್ಲ, ಸದ್ದಿಗೆ ಹೆದರಿ ಒಳಗೇ ಬಾಯಿ ಮುಚ್ಚಿಕೊಂಡ" ಎಂದರು. ಸ್ವಲ್ಪ ಹೊತ್ತು ನೀರು ನೋಡಿ, "ಆಗ ಇಲ್ಲಿ ಒಂದು ತೊಟ್ಟು ಕುಡಿಯೋ ನೀರಿರಲಿಲ್ಲ ಗೊತ್ತಾ? ಈಗ ನೋಡು, ನನ್ನ ಕೆರೆ" ಎಂದರು.

ಆ ಫೋಟೋ ಗದ್ದದಕ್ಕನಿಗೆ ಬಹಳ ಇಷ್ಟವಾಯಿತು. ಮಾವನದರ ಪಕ್ಕದಲ್ಲೇ ಇಟ್ಟಳು.

ಮುಂದೆ ಅವಳ ಫೋಟೋಗಳ ಪ್ರದರ್ಶನ ಮಾಡಿಸಿದ ಮೇಡಂ ಅವಳ ಅಂಗಡಿಗೆ ಮೊದಲು ಬಂದದ್ದು ಗುರುತಿನ ಚೀಟಿಯ ಫೋಟೋಕ್ಕೆ. ನಗರದಲ್ಲಿ ಚಿತ್ರಗಳನ್ನು ಪ್ರದರ್ಶನಕ್ಕಿಡುವ ಒಂದು ಚಿತ್ರಶಾಲೆ ನಡೆಸುವವರು, ಕೆಲಸದ ಮೇಲೆ ಈ ಕಡೆ ಬಂದಿದ್ದರು. ಎಲ್ಲರಂತೆ ಅವರೂ "ಗದ್ದ ಇಳಿಸಿ" ಎನಿಸಿಕೊಂಡರು, ಇಳಿಸಿದರು. ಹೊರಡುವಾಗ ಕಪಾಟಿನ ಮುಂದೆ ನಿಂತವರು ಅಲ್ಲೇ ನಿಂತುಬಿಟ್ಟರು.

"ಇವೆಲ್ಲ ತೆಗೆದದ್ದು ಯಾರು?"

"ನಾನೇ."

"ಇನ್ನೂ ಇದ್ದಾವಾ?"

ಗದ್ದದಕ್ಕ ಡಬ್ಬಿಗಟ್ಟಲೆ ತಂದು ಮೇಜಿನ ಮೇಲೆ ಹರಡಿದಳು. ಮೇಡಂ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಮನುಷ್ಯ ಭೂಮಿಗೆ ಏನು ಮಾಡಿದ್ದಾನೆ ಎಂದು ತೋರಿಸುವ ಪ್ರದರ್ಶನವೊಂದನ್ನು ಮಾಡಬೇಕೆಂದಿದ್ದೇನೆ, ನಿಮ್ಮ ಚಿತ್ರಗಳು ಬೇಕು ಎಂದರು. ಅವಳನ್ನು ಕಲಾವಿದೆ ಎಂದು ಕರೆದರು. ಜೀವನದಲ್ಲಿ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಗದ್ದದಕ್ಕ ಏನೂ ಆಗದವಳಂತೆ ಡಬ್ಬಿಯ ಮುಚ್ಚಳ ಹಾಕಿದಳು. ಆದರೆ ಆ ಮಾತು ಒಳಗೆ ಇಳಿದು ಬೆಚ್ಚಗೆ ಕೂತಿತು.

"ಒಂದೇ ಒಂದು ವಿಷಯ" ಎಂದರು ಮೇಡಂ. "ಇದೇ ಜಾಗಗಳನ್ನ ಜನ ಇಲ್ಲದೆ ತೆಗೆದುಕೊಡೋಕೆ ಆಗುತ್ತಾ? ಮನುಷ್ಯ ಇದ್ರೆ ನೋಡೋರು ಅವನ ಮುಖ ನೋಡ್ತಾ ನಿಲ್ತಾರೆ. ಅವನು ಇಲ್ಲದಿದ್ರೆ ನೆಲ ನೋಡ್ತಾರೆ."

ಮಾತಿನಲ್ಲಿ ಹುರುಳಿತ್ತು. ಗದ್ದದಕ್ಕ ಆಗಲಿ ಎಂದಳು. ಬೆಳ್ಳಂಬೆಳಗ್ಗೆ, ಊರಿನ್ನೂ ಹಾಸಿಗೆಯಲ್ಲಿರುವಾಗ, ಗಂಡನ ಸ್ಕೂಟರಿನ ಹಿಂದೆ ಕೂತು ಒಂದೊಂದೇ ಜಾಗಕ್ಕೆ ಹೋದಳು. ಮಂಜು ತುಂಬಿದ ಸೀಳು. ಒಂದು ಅಲೆಯೂ ಇಲ್ಲದ ಹಸಿರು ಕೊಳ. ಬಸ್ಸಿಲ್ಲದ ನಿಲ್ದಾಣದ ಸಿಮೆಂಟಿನ ನೆಲ. ಅಂಥ ಫೋಟೋಗಳನ್ನು ಅವಳು ಹಿಂದೆಂದೂ ತೆಗೆದಿರಲಿಲ್ಲ. ಅದು ಅವಳಿಗೇ ಗೊತ್ತಿತ್ತು. ಮೇಡಂ ಫೋನು ಮಾಡಿ ಮಾತು ಸಾಲದೆ ಬರೀ "ಅಬ್ಬಾ" ಎಂದರು.

ಸ್ವಲ್ಪ ದಿನಕ್ಕೆ ಆಮಂತ್ರಣದ ಕಾರ್ಡುಗಳು ಬಂದವು. ದಪ್ಪ ಕಾಗದ, ಮೇಲೆ ಸೀಳಿನ ಮಂಜಿನ ಚಿತ್ರ, ಅದರ ಅಡಿಯಲ್ಲಿ ಪ್ರದರ್ಶನದ ಹೆಸರು: ಗಾಯಗಳು. ಗದ್ದದಕ್ಕ ಒಂದನ್ನು ಊಟದ ಮೇಜಿನ ಮೇಲಿಟ್ಟು ಕೈತೊಳೆಯಲು ಹೋದಳು. ಬರುವಷ್ಟರಲ್ಲಿ ಕಾರ್ಡು ಮಾವನ ಕೈಯಲ್ಲಿತ್ತು. ಅವರು ಕನ್ನಡಕ ಹಾಕಿ ನೋಡಿದರು, ತೆಗೆದು ಒರೆಸಿ ಮತ್ತೆ ಹಾಕಿ ನೋಡಿದರು.

"ನಾನೆಲ್ಲಿ?"

"ಇದು ಬೇರೆ ಫೋಟೋ ಮಾವ. ಯಾರೂ ಇಲ್ಲದಾಗ ತೆಗೆದದ್ದು."

"ಯಾರೂ ಇಲ್ಲದೆ ಇದು ಹೇಗಾಯ್ತು? ಮಳೆಗೆ ಕೊಚ್ಚಿಕೊಂಡು ಹೋಯ್ತಾ? ಇಲಿ ತೋಡ್ತಾ?"

ಮಾವ ಕೆಳಗಿನ ಅಕ್ಷರ ಓದಿದರು. ಅವರ ದನಿ ಇಳಿಯಿತು. ಅವರ ದನಿ ಇಳಿದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಗಾಯ. ಹಾಗಾದ್ರೆ ನಾನು ಜೀವಮಾನ ಎಲ್ಲ ಮಾಡಿದ್ದು ಇದು ಅನ್ನು."

"ಹಾಗಲ್ಲ ಮಾವ..."

"ಹಾಗೇ ಕಣಮ್ಮ. ಹೆಸರು ಮಾತ್ರ ಇಟ್ರಿ, ಆಳನ್ನ ತೆಗೆದು ಹಾಕಿದ್ರಿ."

ಕಾರ್ಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಎದ್ದುಹೋದರು. ಮರುದಿನದಿಂದ ಅವಳು ಊಟಕ್ಕೆ ಕೂತಾಗ ಅವರು ಹೊರಗೆ ಹೋಗುತ್ತಿದ್ದರು, ಅವಳು ಹೊರಗೆ ಹೋದಾಗ ಊಟಕ್ಕೆ ಕೂರುತ್ತಿದ್ದರು. ಸದಾ ಗುಡುಗುತ್ತಿದ್ದ ಮನೆ ಸದ್ದಿಲ್ಲದೆ ಕೂತಿತು. ಸೈಕಲ್ ಅಂಗಡಿಯವನು, "ಯಜಮಾನರು ಊರಲ್ಲಿಲ್ವಾ ಅಕ್ಕ?" ಎಂದು ಕೇಳಿದ.

ಗದ್ದದಕ್ಕ ಎರಡೂ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ಕೂತಳು. ಮಂಜಿನ ಸೀಳು ಚೆಂದವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ನೋಡುತ್ತ ನೋಡುತ್ತ ಒಂದು ವಿಷಯ ಅವಳಿಗೆ ಕಂಡಿತು: ಅದರಲ್ಲಿ ಯಾರದ್ದೂ ತಪ್ಪಿರಲಿಲ್ಲ. ಬೆಟ್ಟ ತಾನೇ ಹಾಗೆ ಹುಟ್ಟಿತೇನೋ ಎಂಬಂತಿತ್ತು. ಬೆಂಕಿಕಡ್ಡಿಯಷ್ಟು ಮಾವ ನಿಂತ ಫೋಟೋದಲ್ಲಿ ಮಾತ್ರ ಇದನ್ನು ಮಾಡಿದವರು ಇದ್ದಾರೆ, ಅವರು ನಮ್ಮಂಥವರೇ ಎಂದು ಯಾರಿಗಾದರೂ ತಿಳಿಯುತ್ತಿತ್ತು. ನೆಲ ನೋಡಲಿ ಎಂದು ಮನುಷ್ಯನನ್ನು ತೆಗೆದುಹಾಕಿದರೆ ಉಳಿಯುವುದು ಚೆಂದ ಮಾತ್ರ. ಇಷ್ಟು ತಿಳಿದ ಮೇಲೆ ಅವಳು ಮತ್ತೆ ಕೂರಲಿಲ್ಲ. ಜನರಿದ್ದ ಚಿತ್ರಗಳ ಡಬ್ಬಿಯನ್ನು ಕಂಕುಳಲ್ಲಿ ಹಿಡಿದು ನಗರದ ಬಸ್ಸು ಹತ್ತಿದಳು.

ಚಿತ್ರಶಾಲೆ ಎಂದರೆ ಸುಣ್ಣ ಬಳಿದ ಎತ್ತರದ ಗೋಡೆಗಳ ದೊಡ್ಡ ಕೋಣೆ. ಇಬ್ಬರು ಕೆಲಸದವರು ಏಣಿ ಹಾಕಿ ಮೊಳೆ ಹೊಡೆಯುತ್ತಿದ್ದರು. ಮೇಡಂ ಅವಳನ್ನು ಕಂಡು ಖುಷಿಯಿಂದ ಎದ್ದು ಬಂದರು.

"ಮೇಡಂ, ನಾನು ಕೊಟ್ಟ ಫೋಟೋ ತಪ್ಪಾಗಿದೆ. ಇವನ್ನ ಹಾಕಿ" ಎಂದು ಗದ್ದದಕ್ಕ ಡಬ್ಬಿ ಮುಂದಿಟ್ಟಳು.

ಮೇಡಂ ನಕ್ಕರು, ಆಮೇಲೆ ಇವಳು ನಗುತ್ತಿಲ್ಲವೆಂದು ಕಂಡು ನಿಲ್ಲಿಸಿದರು. "ಕಾರ್ಡು ಹಂಚಿ ಆಗಿದೆಯಲ್ಲ."

"ಕಾರ್ಡಲ್ಲಿರೋದು ಒಂದೇ. ಗೋಡೆ ಇನ್ನೂ ಖಾಲಿ ಇದೆ."

"ನಾನು ಅವತ್ತೇ ಹೇಳಿದ್ನಲ್ಲ. ಮುಖ ಕಂಡ್ರೆ ಜನ ಕರಗಿಬಿಡ್ತಾರೆ. ಪಾಪ ಬಡವ, ಪಾಪ ಮುದುಕ ಅಂತ ಕ್ಷಮಿಸಿ ಮನೆಗೆ ಹೋಗ್ತಾರೆ. ಬೆಟ್ಟದ ಬಗ್ಗೆ ಯಾರು ಯೋಚನೆ ಮಾಡ್ತಾರೆ?"

"ನಮ್ಮ ಮಾವನ ಮುಖ ಇದರಲ್ಲಿ ಕಾಣೋದೇ ಇಲ್ಲ, ನೋಡಿ. ಕಡ್ಡಿ ಹಾಗಿದ್ದಾರೆ. ಕರಗೋಕೆ ಏನಿದೆ? ಆದ್ರೆ ಅಲ್ಲಿ ಒಬ್ಬ ಇದ್ದಾನೆ. ಆ ದಾರೀಲಿ ಬಸ್ಸಲ್ಲಿ ಬಂದವಳು ನಾನು, ಕಾರಲ್ಲಿ ಬಂದವರು ನೀವು. ಯಾರೂ ಇಲ್ಲದ ಫೋಟೋ ಹಾಕಿದ್ರೆ ನಾವೆಲ್ಲ ತಪ್ಪಿಸಿಕೊಂಡ ಹಾಗೆ."

ಮೇಡಂ ಮಾವನ ಫೋಟೋವನ್ನು ಎತ್ತಿಕೊಂಡು ಗೋಡೆಯ ಹತ್ತಿರ ಹೋಗಿ, ಕೈಯಲ್ಲೇ ಹಿಡಿದು, ದೂರದಿಂದ ಹತ್ತಿರದಿಂದ ನೋಡಿದರು. ಏಣಿಯ ಮೇಲಿದ್ದವನು ಸುತ್ತಿಗೆ ಹಿಡಿದುಕೊಂಡೇ ಬಗ್ಗಿ ನೋಡಿ, "ಮೂಲೆಯಲ್ಲಿ ಯಾರೋ ನಿಂತಿದ್ದಾರಲ್ಲ" ಎಂದ.

"ಮೊದಲು ಬೆಟ್ಟ ನೋಡಿದ, ಆಮೇಲೆ ಆಳನ್ನ ಕಂಡುಹಿಡಿದ" ಎಂದರು ಮೇಡಂ, ತಮಗೇ ಹೇಳಿಕೊಂಡ ಹಾಗೆ. ಆಮೇಲೆ ತಿರುಗಿ, "ಸರಿ. ಆದ್ರೆ ಹೆಸರು ಬದಲಾಯಿಸೋಕಾಗಲ್ಲ. ನನ್ನ ಮಟ್ಟಿಗೆ ಅದು ಗಾಯಾನೇ. ಅಲ್ಲ ಅಂತ ನಿಮ್ಮ ಮಾವ ಹೇಳೋದಾದ್ರೆ ಅವರೇ ಬಂದು ಹೇಳಲಿ. ಬರ್ತಾರಾ?" ಎಂದು ಕೇಳಿದರು.

"ಬರ್ತಾರೆ" ಎಂದಳು ಗದ್ದದಕ್ಕ. ಮಾವ ತನ್ನ ಜೊತೆ ಮಾತು ಬಿಟ್ಟಿದ್ದಾರೆ ಎಂಬುದನ್ನು ಹೇಳಲಿಲ್ಲ.

ಮನೆಗೆ ಬಂದು ನಡೆದದ್ದನ್ನೆಲ್ಲ ಅಡುಗೆಮನೆಯಲ್ಲಿ ಅತ್ತೆಗೆ ಹೇಳಿದಳು. ಅತ್ತೆ ಪಾತ್ರೆ ಒರೆಸುತ್ತ ಕೇಳಿಸಿಕೊಂಡರು. "ಕಿವಿ ಕೇಳದವರಿಗೆ ಹೇಳೋ ರೀತಿ ಬೇರೆ ಇದೆ. ನೋಡ್ತಿರು" ಎಂದರು. ಊಟದ ಹೊತ್ತಿಗೆ ಮಾವನ ಎದುರಿಗೆ ನಿಂತು, ಬೀದಿಗೆಲ್ಲ ಕೇಳುವಂತೆ, "ರೀ, ನಾನು ನಗರಕ್ಕೆ ಹೋಗ್ತಿದ್ದೀನಿ. ನನ್ನ ಕೆರೆ ಗೋಡೆ ಮೇಲೆ ಹಾಕ್ತಾರಂತೆ. ಜನ ಬಂದು ಕೇಳ್ತಾರಂತೆ. ನೀವು ಮನೇಲಿರಿ, ಬೆಕ್ಕು ನೋಡಿಕೊಳ್ಳಿ" ಎಂದರು.

ಮಾವ ತುತ್ತು ಕೈಯಲ್ಲೇ ಹಿಡಿದು ತಲೆಯೆತ್ತಿದರು. "ನಿನ್ನನ್ನ ಏನು ಕೇಳ್ತಾರೆ? ನೀನು ಒಡೆದದ್ದು ಜಲ್ಲಿ."

"ಆ ಜಲ್ಲಿ ಇಲ್ಲದೆ ನಿಮ್ಮ ರೋಡು ಎಲ್ಲಿತ್ತು? ಬರೀ ಕೆಸರು."

ಮಾವ ತುತ್ತು ಬಾಯಿಗಿಟ್ಟು, ಊಟ ಮುಗಿಸಿ ಎದ್ದರು. ಪ್ರದರ್ಶನದ ದಿನ ಬೆಳಗ್ಗೆ ಮಾತ್ರ ಎಲ್ಲರಿಗಿಂತ ಮೊದಲೇ ಕೋಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. "ಇವಳೊಬ್ಬಳನ್ನೇ ಕಳಿಸಿದ್ರೆ ಬೆಟ್ಟಾನೂ ನಾನೇ ಕಡಿದೆ ಅಂತ ಹೇಳಿ ಬರ್ತಾಳೆ" ಎಂದು ಮಗನಿಗೆ ಹೇಳಿದರಂತೆ.

ಚಿತ್ರಶಾಲೆ ತುಂಬಿತ್ತು. ಜನ ಮೆಲುದನಿಯಲ್ಲಿ ಮಾತಾಡುತ್ತ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಯಿಂದ ಗೋಡೆಗೆ ಹೋಗುತ್ತಿದ್ದರು. ಸೀಳಿನ ಚಿತ್ರ ಬಾಗಿಲಿಗೆ ಎದುರಾಗಿ, ಗೋಡೆಯ ಅರ್ಧದಷ್ಟು ದೊಡ್ಡದಾಗಿ ಇತ್ತು. ಮಾವ ಸ್ವಲ್ಪ ದೂರದಲ್ಲಿ, ಬಸ್ಸಿಗೆ ಕಾಯುವವರ ಹಾಗೆ ನಿಂತರು. ಒಬ್ಬ ಯುವತಿ ಗೆಳತಿಯ ಜೊತೆ ಬಂದು ಚಿತ್ರದ ಮುಂದೆ ನಿಂತು, ಮೆಲುದನಿ ಮರೆತು ಉದ್ಗರಿಸಿದಳು.

"ಅಯ್ಯೋ, ಇಷ್ಟು ಒಳ್ಳೆ ಬೆಟ್ಟಾನ ಹಾಳು ಮಾಡಿದ್ದಾರಲ್ಲ! ಯಾರು ಮಾಡಿದ್ದೋ ಏನೋ."

"ನಾನೇ" ಎಂದರು ಮಾವ.

ಅವರ ದನಿ ಅದು. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯುವತಿ ಬೆಚ್ಚಿಬಿದ್ದಳು. "ಕ್ಷಮಿಸಿ, ನಾನು..."

"ಕ್ಷಮೆ ಯಾಕಮ್ಮ? ಕೇಳಿದ್ದಕ್ಕೆ ಹೇಳಿದೆ. ಆ ಮೂಲೆಯಲ್ಲಿ ಕಡ್ಡಿ ಹಾಗೆ ಕಾಣ್ತಿದೆಯಲ್ಲ, ಅದು ನಾನು. ಹಾಳು ಅಂತಿದ್ದೀಯಲ್ಲ, ಮೊದಲು ಆ ಬೆಟ್ಟ ಸುತ್ತಿ ಹೋಗೋವಾಗ ಹೆರಿಗೆ ನೋವು ಬಂದ ಹೆಂಗಸರು ಬಸ್ಸಲ್ಲೇ ಹೆತ್ತಿದ್ದಾರೆ. ಈಗ ಆಸ್ಪತ್ರೇಲಿ ಹೆರ್ತಾರೆ. ಅದು ನಾನು ಮಾಡಿದ್ದು. ಇದೂ ನಾನು ಮಾಡಿದ್ದು."

ಯುವತಿ ಮತ್ತೆ ಚಿತ್ರದ ಕಡೆ ನೋಡಿದಳು. ಈ ಸಲ ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, ಮಾವನಿಗೆ ಕೇಳಿಸದ್ದರಿಂದ ಮತ್ತೊಮ್ಮೆ ಗಟ್ಟಿಯಾಗಿ, "ಕಡಿಯೋಕೆ ಮುಂಚೆ ಅಲ್ಲಿ ಏನಿತ್ತು?" ಎಂದು ಕೇಳಿದಳು.

ಗದ್ದದಕ್ಕ ಅಲ್ಲೇ ಪಕ್ಕದಲ್ಲಿದ್ದಳು. ಇಷ್ಟು ಜನರ ಫೋಟೋ ತೆಗೆದವಳು ಈ ಪ್ರಶ್ನೆಯನ್ನು ಮಾವನಿಗೆ ಯಾವತ್ತೂ ಕೇಳಿರಲಿಲ್ಲ.

"ಬಂಡೆ, ಪೊದೆ, ಜೇನು" ಎಂದು ಶುರು ಮಾಡಿ ಮಾವ ಕೋಟಿನ ಗುಂಡಿ ತಿರುವಿದರು. "ಒಂದು ಕೂಗು ಇತ್ತು" ಎಂದರು.

"ಕೂಗು?"

"ಕೆಳಗೆ ನಿಂತು ಕೂಗಿದ್ರೆ ಬೆಟ್ಟ ಓಗೊಡ್ತಿತ್ತು. ಒಂದು ಸಲ ಅಲ್ಲ. ಮೊದಲು ಇಲ್ಲಿಂದ, ಆಮೇಲೆ ಅಲ್ಲಿಂದ, ಆಮೇಲೆ ಎಲ್ಲೋ ದೂರದಿಂದ. ನಾವು ಚಿಕ್ಕವರಿದ್ದಾಗ ಅದೇ ಆಟ. ಆಮೇಲೆ ನಾವೇ ಡೋಜರ್ ತಗೊಂಡು ಹೋದ್ವಿ. ದಿನಾ ಯಂತ್ರದ ಸದ್ದು, ಕೂಗೋರು ಯಾರು? ದಾರಿ ಆಚೆ ಕಡೆಗೆ ತೂರಿದ ದಿನ ಸಂಜೆ ಎಲ್ಲ ಯಂತ್ರ ನಿಲ್ಲಿಸಿದ್ವಿ. ಖುಷಿಗೆ ನಾನು ಜೋರಾಗಿ ಕೂಗಿದೆ. ಏನೂ ಬರಲಿಲ್ಲ. ನನ್ನ ಕಿವಿ ಹೋಯ್ತು ಅಂದುಕೊಂಡೆ. ಜೊತೆಗಿದ್ದವನಿಗೆ, ನಿನಗೆ ಕೇಳಿಸ್ತಾ ಅಂದೆ. ಅವನೂ ಇಲ್ಲ ಅಂದ. ಇಬ್ಬರೂ ಮತ್ತೆ ಕೂಗಿದ್ವಿ. ಕೂಗು ಆ ಕಡೆಯಿಂದ ಹಾಗೇ ಹೊರಗೆ ಹೋಗಿಬಿಡ್ತು."

ಮಾವ ಮುಂದುವರಿಸಿದರು. "ಮನೇಲಿ ಯಾರಿಗೂ ಹೇಳಿರಲಿಲ್ಲ. ಏನಂತ ಹೇಳೋದು? ರೋಡು ಬೇಕಾಗಿತ್ತು. ನಾಳೆ ಮತ್ತೆ ಕಡಿ ಅಂದ್ರೂ ಕಡೀತೀನಿ. ಆದ್ರೆ ಅದು ಹೋಯ್ತು ಅನ್ನೋದೂ ನಿಜ." ಹೆಸರು ಬರೆದ ಫಲಕದ ಕಡೆ ತಿರುಗಿ, ಮೇಡಂ ಯಾರೆಂದು ಗೊತ್ತಿಲ್ಲದೆ ಎಲ್ಲರಿಗೂ ಸೇರಿಸಿ ಹೇಳಿದರು: "ಗಾಯ ಅಂತ ಬರೆದಿದ್ದೀರಿ, ಬರೀರಿ. ಮಾಡಿದವನು ಇಲ್ಲೇ ನಿಂತಿದ್ದಾನೆ ಅಂತಾನೂ ಬರೀರಿ."

ಮೇಡಂ ಅಂದೇ ಬರೆಸಿದರು. ಪ್ರತಿ ಚಿತ್ರದ ಅಡಿಯಲ್ಲೂ ಮಾಡಿದವರ ಮಾತನ್ನು ಅವರು ಆಡಿದ ಹಾಗೆಯೇ ಹಾಕಬೇಕೆಂದು ತೀರ್ಮಾನವಾಯಿತು. ಗದ್ದದಕ್ಕ ತನ್ನ ಖಾಲಿ ಚಿತ್ರಗಳಲ್ಲಿ ಒಂದನ್ನು ಗೋಡೆಗೆ ಹಾಕಲು ಒಪ್ಪಿದಳು. ಅದು ಸೀಳಿನ ಮಂಜಿನ ಚಿತ್ರ. ಯಾರೂ ಇಲ್ಲವೆಂದು ಮೊದಲು ಬೇಡ ಅನಿಸಿದ್ದು, ಮಾವನ ಮಾತು ಕೇಳಿದ ಮೇಲೆ, ಹೋದ ಕೂಗಿನ ಜಾಗವೂ ಕಾಣಲಿ ಎಂದು ಬೇಕು ಅನಿಸಿತು. ಅತ್ತೆ ಅಷ್ಟರಲ್ಲಿ ಇನ್ನೊಂದು ಗೋಡೆಯ ಬಳಿ ಜನರನ್ನು ಗುಂಪು ಕೂಡಿಸಿ, ಸುತ್ತಿಗೆ ಹಿಡಿಯುವುದು ಹೇಗೆಂದು ಕೈ ಬೀಸಿ ತೋರಿಸುತ್ತಿದ್ದರು.

ಮರಳಿ ಬರುವಾಗ ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ ಕೂತಿದ್ದರು. ಬಸ್ಸು ಸೀಳಿನೊಳಗೆ ಹೊಕ್ಕಾಗ ಗದ್ದದಕ್ಕ ಬಗ್ಗಿ ಕೇಳಿದಳು: "ಮಾವ, ಆಗ ಏನಂತ ಕೂಗ್ತಿದ್ರಿ?"

"ಆಂ? ಏನೋ. ಹೋ ಅಂತ."

ಹಿಂದಿನ ಸೀಟಿನಿಂದ ಅತ್ತೆಯ ನಗು ಕೇಳಿಸಿತು. "ಹೋ ಅಂತಂತೆ! ನನ್ನ ಹೆಸರು ಕೂಗ್ತಿದ್ರು ಕಣಮ್ಮ. ನಾನು ಕ್ವಾರಿಯಲ್ಲಿ ಕೂತು ಕಲ್ಲು ಒಡೀತಿದ್ರೆ ಬೆಟ್ಟ ಬಂದು ನನ್ನ ಹೆಸರು ಹೇಳೋದು. ಇಡೀ ಕ್ವಾರಿ ಸುತ್ತಿಗೆ ನಿಲ್ಲಿಸಿ ನನ್ನ ಮುಖ ನೋಡೋದು. ಆ ಮರ್ಯಾದೆ ಉಳಿಸಿಕೊಳ್ಳೋಕೇ ಇವರನ್ನ ಮದುವೆ ಆಗಿದ್ದು."

ಬಸ್ಸೆಲ್ಲ ನಕ್ಕಿತು. ಮೆಕ್ಯಾನಿಕ್ ಮಗ ಕೂಡ ನಕ್ಕ. ಮಾವನಿಗೆ ಕೇಳಿಸಿತೋ ಇಲ್ಲವೋ, ಅವರು ಕಿಟಕಿಯಾಚೆಯೇ ನೋಡುತ್ತಿದ್ದರು. ಆದರೆ ಕಿವಿಯ ತುದಿ ಮಾತ್ರ ಕೆಂಪಾಗಿತ್ತು.

ಪ್ರದರ್ಶನ ಆಮೇಲೆ ಬೇರೆ ಬೇರೆ ಊರುಗಳಿಗೂ ಹೋಯಿತು. ಒಂದೆರಡು ಕಡೆ ಜನ ಅವಳ ಜೊತೆ ವಾದಕ್ಕೆ ನಿಂತರು. ಭೂಮಿ ಹಾಳು ಮಾಡಿದವರಿಗೆ ಕಿರೀಟ ಇಡುತ್ತಿದ್ದೀರಿ ಎಂದು ಒಬ್ಬರು ಬೈದರೆ, ದುಡಿದವರನ್ನು ಕಟಕಟೆ ಹತ್ತಿಸಿದ್ದೀರಿ ಎಂದು ಇನ್ನೊಬ್ಬರು ಬೈದರು. ಇಬ್ಬರಿಗೂ ಅವಳು ಕುರ್ಚಿ ಎಳೆದು ಕೂರಿಸಿ, ಮತ್ತೊಂದು ಸಲ ನಿಧಾನವಾಗಿ ನೋಡಿ ಎಂದಳು. ತೆಗೆಯುವ ರೀತಿಯಲ್ಲಿ ಒಂದು ಬದಲಾವಣೆ ಮಾಡಿಕೊಂಡಳು. ಯಾರನ್ನೇ ಆಗಲಿ ಯಾವುದೇ ಜಾಗದಲ್ಲಿ ನಿಲ್ಲಿಸುವ ಮುಂಚೆ, ಸ್ಟ್ಯಾಂಡು ಬಿಚ್ಚುವ ಮುಂಚೆ, ಮೊದಲು ಇಲ್ಲಿ ಏನಿತ್ತು ಎಂದು ಕೇಳುತ್ತಿದ್ದಳು. ಹೇಳಲು ಅವರಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯುತ್ತಿದ್ದಳು. ಬೆಳಕು ಹೋದರೆ ಹೋಗಲಿ, ನಾಳೆ ಬರುತ್ತದೆ.

ಒಂದು ದಿನ ಮಧ್ಯಾಹ್ನ ಊರ ಹೊರಗಿನ ಕಸದ ರಾಶಿಯಲ್ಲಿ ಪ್ಲಾಸ್ಟಿಕ್ಕು ಕಬ್ಬಿಣ ಆರಿಸುವ ಹೆಂಗಸೊಬ್ಬಳು ಸ್ಟುಡಿಯೋದ ಬಾಗಿಲಲ್ಲಿ ಬಂದು ನಿಂತಳು. ಕೈಗೆ ರಬ್ಬರಿನ ಗವಸು, ಕಾಲಿಗೆ ಎರಡು ಬೇರೆ ಬೇರೆ ಬೂಟು. ಒಳಗೆ ಬರಲು ಹಿಂಜರಿಯಲಿಲ್ಲ, ಬಂದು ನೇರವಾಗಿ ಹೇಳಿದಳು.

"ಅಕ್ಕ, ಬೆಟ್ಟ ಕಡಿದವರನ್ನ ತೆಗೆದ್ರಂತೆ. ನಾವು ಬೆಟ್ಟ ಕಟ್ಟಿದೋರು. ನಮ್ಮನ್ನ ತೆಗೆಯಲ್ವಾ?"

"ತೆಗೀತೀನಿ. ಯಾವಾಗ ಬರಲಿ?"

"ಈಗಲೇ ಬನ್ನಿ. ಅದು ದಿನಾ ಬೆಳೀತಿದೆ. ನಾಳೆಗೆ ನಿಮ್ಮ ಫೋಟೋದಲ್ಲಿ ಹಿಡಿಸಲ್ಲ."

ಗದ್ದದಕ್ಕ ನಗುತ್ತ ಕ್ಯಾಮೆರಾ ಎತ್ತಿಕೊಂಡಳು. ಪಾಸ್‌ಪೋರ್ಟ್ ಫೋಟೋಕ್ಕೆ ಕಾಯುತ್ತಿದ್ದವರಿಗೆ ಸಂಜೆ ಬನ್ನಿ ಎಂದು ಹೇಳಿ, ಬಾಗಿಲಿಗೆ ಬೀಗ ಹಾಕಿದಳು. ಇಬ್ಬರೂ ಸ್ಟ್ಯಾಂಡಿನ ಒಂದೊಂದು ತುದಿ ಹಿಡಿದುಕೊಂಡು ಬಿಸಿಲಿನಲ್ಲಿ ಹೊರಟರು. ಬೀದಿಯ ತಿರುವಿನಲ್ಲೇ ಗದ್ದದಕ್ಕ ಕೇಳಿದಳು: "ಹೇಳು, ಅಲ್ಲಿ ಮೊದಲು ಏನಿತ್ತು?"